ರೋಗದ ವಿಳಾಸ: ಗಣಕ ಜೀವವಿಜ್ಞಾನಿ ಅವೀವ್ ರೆಗೆವ್ ಅವರ ಸಂಶೋಧನೆ

ಊರಿನಿಂದ ಮುಂಬಯಿಗೆ ಹೊಸದಾಗಿ ಬಂದಿಳಿದವನ ಕೈಯಲ್ಲಿರುವ ಚೀಟಿಯಲ್ಲಿ ‘ಮುಂಬಯಿ’ ಎಂದಷ್ಟೇ ಬರೆದಿದ್ದರೆ ಅವನು ನೆಂಟರ ಮನೆಯನ್ನು ತಲುಪುವುದು ಅಸಾಧ್ಯ. ‘ಮಾಟುಂಗಾ’ ಎಂದಿದ್ದರೆ ಸ್ವಲ್ಪ ಮೇಲು, ಆದರೂ ಸಾಲದು. ರಸ್ತೆ, ಕಟ್ಟಡ, ಮಾಳಿಗೆ, ಖೋಲಿಯ ಸಂಖ್ಯೆ ಇವಿಷ್ಟೂ ಇದ್ದಾಗ ಮಾತ್ರ ಅವನು ಸರಿಯಾದ ಬಾಗಿಲನ್ನು ತಟ್ಟಬಲ್ಲ. ವೈದ್ಯಶಾಸ್ತ್ರದ ಚರಿತ್ರೆಯನ್ನು ಅವಲೋಕಿಸಿದರೆ ಅದೂ ಇಂಥದೇ ಒಂದು ವಿಳಾಸದ ಶೋಧನೆ ಎಂದು ಹೇಳಬಹುದು. ಪ್ರಾಚೀನರು ರೋಗವನ್ನು ಇಡೀ ದೇಹದ ದೋಷವೆಂದು ಬಗೆದರು. ಇಟಲಿಯ ಮೊರ್ಗಾಗ್ನಿ 1761ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ, ರೋಗವು ನೆಲೆಸುವುದು ನಿರ್ದಿಷ್ಟ ಅಂಗಗಳಲ್ಲಿ ಎಂದು ನೂರಾರು ಶವಪರೀಕ್ಷೆಗಳಿಂದ ತೋರಿಸಿದನು. ಜರ್ಮನಿಯ ವಿರ್ಚೋ 1858ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗದ ನಿಜವಾದ ನೆಲೆ ಜೀವಕೋಶವೆಂದು ಸಾರಿದನು. ಆದರೆ ಅವನ ಸೂಕ್ಷ್ಮದರ್ಶಕಕ್ಕೆ ಕಾಣಿಸುತ್ತಿದ್ದುದು ಕೋಶದ ಆಕಾರ ಮಾತ್ರ. ಆ ಕೋಶ ಆ ಗಳಿಗೆಯಲ್ಲಿ ಯಾವ ಕೆಲಸದಲ್ಲಿ ತೊಡಗಿದೆ, ಯಾವ ಕೆಲಸವನ್ನು ಕೈಬಿಟ್ಟಿದೆ ಎಂಬುದನ್ನು ತಿಳಿಯುವ ಉಪಾಯ ಅವನಿಗಿರಲಿಲ್ಲ.

ಆ ಉಪಾಯವನ್ನು ರೂಪಿಸಿದವರಲ್ಲಿ ಅಗ್ರಗಣ್ಯರಾದ ಒಬ್ಬ ಮಹಿಳೆಯನ್ನು ಕುರಿತದ್ದು ಈ ಲೇಖನ. 1971ರಲ್ಲಿ ಜನಿಸಿದ ಅವೀವ್ ರೆಗೆವ್ ಇಸ್ರೇಲಿನಲ್ಲಿ ವ್ಯಾಸಂಗ ಮಾಡಿ, ಅಮೆರಿಕದಲ್ಲಿ ಕೀರ್ತಿ ಪಡೆದರು. ಅವರು ವೈದ್ಯರಲ್ಲ; ರೋಗಿಯ ನಾಡಿ ಹಿಡಿದವರಲ್ಲ. ಅವರ ಮುಖ್ಯ ಉಪಕರಣ ಗಣಕಯಂತ್ರ, ಅವರ ಸಾಮಗ್ರಿ ಅಂಕಿಸಂಖ್ಯೆ. ಆದರೂ ಕರುಳಿನ ಹುಣ್ಣು, ಶ್ವಾಸಕೋಶದ ವ್ಯಾಧಿ, ಅರ್ಬುದ ಮುಂತಾದ ರೋಗಗಳ ಬಗೆಗಿನ ತಿಳಿವಳಿಕೆ ಅವರ ಮತ್ತು ಅವರ ಸಹೋದ್ಯೋಗಿಗಳ ಕಾರ್ಯದಿಂದ ಗಣನೀಯವಾಗಿ ಬದಲಾಗಿದೆ.

ಒಂದೇ ಗ್ರಂಥ, ಬೇರೆ ಬೇರೆ ಪುಟಗಳು

ಮೊದಲು ಅವರ ಶಾಸ್ತ್ರದ ಪರಿಚಯ ಅವಶ್ಯ. ಮಾನವ ಶರೀರದಲ್ಲಿ ಅಂದಾಜು 37 ಲಕ್ಷ ಕೋಟಿ ಜೀವಕೋಶಗಳಿವೆ. ಕೆಂಪು ರಕ್ತಕಣಗಳಂಥ ಕೆಲವನ್ನು ಬಿಟ್ಟರೆ ಪ್ರತಿಯೊಂದು ಕೋಶದ ಕೇಂದ್ರದಲ್ಲಿಯೂ ವಂಶವಾಹಿಗಳ ಪೂರ್ಣ ಗ್ರಂಥ ಅಡಗಿದೆ. ಇದಕ್ಕೆ ಜೀನೋಮ್ ಎಂದು ಹೆಸರು. ಡಿಎನ್‌ಎ ಎಂಬ ರಾಸಾಯನಿಕದಲ್ಲಿ ಬರೆದಿರುವ ಈ ಗ್ರಂಥದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನುಗಳನ್ನು ತಯಾರಿಸುವ ಆದೇಶಗಳು, ಅಂದರೆ ಜೀನುಗಳು, ಸುಮಾರು 20,000. ಇಡೀ ಗ್ರಂಥವನ್ನು ಓದುವ ಅಂತರರಾಷ್ಟ್ರೀಯ ಯೋಜನೆ 1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿಯಿತೆಂದು ಘೋಷಿಸಲಾಯಿತು. ಇನ್ನು ರೋಗಗಳ ಗುಟ್ಟೆಲ್ಲ ಬಯಲಾದಂತೆಯೇ ಎಂದು ಪತ್ರಿಕೆಗಳು ಆಗ ಸಂಭ್ರಮಿಸಿದವು.

ಅಷ್ಟು ಸುಲಭವಾಗಿರಲಿಲ್ಲ. ಕಣ್ಣಿನ ಕೋಶದಲ್ಲಿರುವ ಗ್ರಂಥವೂ ಕರುಳಿನ ಕೋಶದಲ್ಲಿರುವ ಗ್ರಂಥವೂ ಒಂದೇ. ಕಣ್ಣು ಕಣ್ಣಾಗಿಯೂ ಕರುಳು ಕರುಳಾಗಿಯೂ ಇರುವುದಕ್ಕೆ ಕಾರಣ, ಆಯಾ ಕೋಶ ಆ ಗ್ರಂಥದಲ್ಲಿ ತನಗೆ ಬೇಕಾದ ಪುಟಗಳನ್ನು ಮಾತ್ರ ತೆರೆದು ಓದುವುದು. ಒಂದು ದೊಡ್ಡ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿಯೂ ನಿಯಮಾವಳಿಯ ಒಂದೇ ಪುಸ್ತಕ ಇರುತ್ತದೆ. ಆದರೆ ಹಳ್ಳಿಯ ಶಾಖೆಯಲ್ಲಿ ಬೆಳೆಸಾಲದ ಅಧ್ಯಾಯ ಕೈತಾಕಿ ಸವೆದಿದ್ದರೆ, ಬಂದರು ನಗರದ ಶಾಖೆಯಲ್ಲಿ ವಿದೇಶೀ ವಿನಿಮಯದ ಅಧ್ಯಾಯ ಸವೆದಿರುತ್ತದೆ. ಪುಸ್ತಕವನ್ನು ಓದಿದ ಮಾತ್ರಕ್ಕೆ ಶಾಖೆಯ ವ್ಯವಹಾರ ತಿಳಿಯದು. ಯಾವ ಪುಟ ಬಳಕೆಯಲ್ಲಿದೆ ಎಂಬುದನ್ನು ನೋಡಬೇಕು. ಜೀನುಗಳ ಪಟ್ಟಿಯಲ್ಲಿ ತೃಪ್ತಿಪಡದೆ, ಅವು ಎಲ್ಲಿ, ಯಾವಾಗ, ಎಷ್ಟರಮಟ್ಟಿಗೆ ಕೆಲಸ ಮಾಡುತ್ತವೆ ಎಂದು ವಿಚಾರಿಸುವ ಶಾಸ್ತ್ರಕ್ಕೆ ಫಂಕ್ಷನಲ್ ಜೀನೋಮಿಕ್ಸ್ ಎಂಬ ಹೆಸರಿದೆ. ಕನ್ನಡದಲ್ಲಿ ಕ್ರಿಯಾತ್ಮಕ ಜೀನೋಮ್ ವಿಜ್ಞಾನ ಎನ್ನಬಹುದು.

ತೆರೆದ ಪುಟದ ಗುರುತು ಯಾವುದು? ಜೀನೊಂದು ಕಾರ್ಯಪ್ರವೃತ್ತವಾದಾಗ ಕೋಶವು ಅದರ ನಕಲೊಂದನ್ನು ಆರ್‌ಎನ್‌ಎ ರೂಪದಲ್ಲಿ ತೆಗೆಯುತ್ತದೆ. ಆ ನಕಲನ್ನು ನೋಡಿ ಪ್ರೋಟೀನು ತಯಾರಾಗುತ್ತದೆ. ಕೋಶದೊಳಗಿನ ಆರ್‌ಎನ್‌ಎ ನಕಲುಗಳನ್ನು ಎಣಿಸಿದರೆ ಅಲ್ಲಿ ನಡೆಯುತ್ತಿರುವ ಕೆಲಸದ ದಿನಚರಿ ಬಹುಮಟ್ಟಿಗೆ ದೊರೆತಂತಾಯಿತು.

ಈ ಶಾಸ್ತ್ರದ ಅವಶ್ಯಕತೆಯನ್ನು ತೋರಿಸುವ ಸಂಗತಿ ಇನ್ನೊಂದಿದೆ. 2005ರಿಂದೀಚೆಗೆ ಸಾವಿರಾರು ಜನರ ಜೀನೋಮ್‌ಗಳನ್ನು ಹೋಲಿಸಿ, ಮಧುಮೇಹ, ಹೃದ್ರೋಗ ಮೊದಲಾದವುಗಳೊಡನೆ ನಂಟುಳ್ಳ ಅಕ್ಷರವ್ಯತ್ಯಾಸಗಳನ್ನು ವಿಜ್ಞಾನಿಗಳು ಗುರುತಿಸುತ್ತ ಬಂದರು. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಜೀನುಗಳ ಒಳಗೇ ಇಲ್ಲ, ಹೊರಗಿನ ಭಾಗಗಳಲ್ಲಿವೆ ಎಂದು ಕಂಡುಬಂದಿತು. ಎಂದರೆ ಅವು ಆದೇಶವನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ, ಆದೇಶ ಯಾವ ಕೋಶದಲ್ಲಿ ಎಷ್ಟು ಜಾರಿಯಾಗಬೇಕು ಎಂಬುದನ್ನು ಏರುಪೇರು ಮಾಡುತ್ತವೆ. ಯಾವ ಕೋಶ ಎಂಬುದು ತಿಳಿಯದೆ ಈ ಶೋಧನೆಗಳಿಂದ ರೋಗಿಗೆ ಪ್ರಯೋಜನ ಕಡಿಮೆ.

ಟೆಲ್ ಅವೀವ್‌ನ ವಿದ್ಯಾರ್ಥಿನಿ

ಟೆಲ್ ಅವೀವ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಾವಂತ ವಿದ್ಯಾರ್ಥಿಗಳಿಗೆಂದೇ ಒಂದು ವಿಶೇಷ ವ್ಯವಸ್ಥೆಯುಂಟು. ಅದಕ್ಕೆ ಆಯ್ಕೆಯಾದವರು ಒಂದೇ ವಿಭಾಗಕ್ಕೆ ಕಟ್ಟುಬೀಳದೆ ತಮಗೆ ಬೇಕಾದ ವಿಷಯಗಳನ್ನು ವಿವಿಧ ವಿಭಾಗಗಳಿಂದ ಆರಿಸಿಕೊಂಡು ಅಧ್ಯಯನ ಮಾಡಬಹುದು. ರೆಗೆವ್ ಅಲ್ಲಿ ಬೆಳೆದವರು. ವಿಜ್ಞಾನವೆಂದರೆ ಭೌತ, ರಸಾಯನ, ಜೀವ ಎಂದು ಮೂರು ಪೆಟ್ಟಿಗೆಗಳು, ವಾಣಿಜ್ಯಕ್ಕೆ ಹೋದವನು ಆ ಕಡೆ ತಲೆಹಾಕಲೂ ಕೂಡದು ಎಂಬ ವ್ಯವಸ್ಥೆಯಲ್ಲಿ ಓದಿದವರಿಗೆ ಇದು ಅಸೂಯೆ ಹುಟ್ಟಿಸುವಂಥದು.

ಅವರ ಪಿಎಚ್.ಡಿ. ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದವರು ಇಬ್ಬರು: ಜೀವಶಾಸ್ತ್ರದ ಎವಾ ಯಾಬ್ಲೊಂಕಾ ಮತ್ತು ಗಣಕಶಾಸ್ತ್ರದ ಎಹುದ್ ಶಪೀರೊ. ಪರಸ್ಪರ ಸಂದೇಶ ಕಳುಹಿಸುವ ಗಣಕ ವ್ಯವಸ್ಥೆಗಳನ್ನು ವರ್ಣಿಸಲು ಬ್ರಿಟಿಷ್ ವಿಜ್ಞಾನಿ ರಾಬಿನ್ ಮಿಲ್ನರ್ ಮುಂತಾದವರು ರಚಿಸಿದ್ದ ಒಂದು ಗಣಿತಭಾಷೆಯಿತ್ತು. ಕೋಶದೊಳಗಿನ ಅಣುಗಳೂ ಒಂದನ್ನೊಂದು ಸಂಧಿಸಿ ಸಂದೇಶ ಸಾಗಿಸುತ್ತವೆಯಲ್ಲವೇ? ಹಾಗಾದರೆ ಅದೇ ಭಾಷೆಯಲ್ಲಿ ಅವುಗಳನ್ನೂ ಏಕೆ ಬರೆಯಬಾರದು? ಈ ವಿಚಾರವನ್ನು ರೆಗೆವ್ ಮತ್ತು ಶಪೀರೊ 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಂಡಿಸಿದರು. ಅದರಿಂದ ಯಾವ ರೋಗವೂ ಗುಣವಾಗಲಿಲ್ಲ. ಆದರೆ ಕೋಶವನ್ನು ಲೆಕ್ಕಕ್ಕೆ ಒಗ್ಗಿಸಬಹುದು ಎಂಬ ವಿಶ್ವಾಸ ಅವರ ಮುಂದಿನ ಕೆಲಸಕ್ಕೆಲ್ಲ ತಳಹದಿಯಾಯಿತು.

2003ರಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಜೀನೋಮ್ ಸಂಶೋಧನ ಕೇಂದ್ರಕ್ಕೆ ಬಂದರು. ಅದೇ ವರ್ಷ ಎರಾನ್ ಸೆಗಾಲ್, ನೀರ್ ಫ್ರೀಡ್‌ಮನ್ ಮುಂತಾದವರೊಡನೆ ಪ್ರಕಟಿಸಿದ ಪ್ರಬಂಧವೊಂದು ವಿದ್ವಾಂಸರ ಗಮನ ಸೆಳೆಯಿತು. ಯೀಸ್ಟ್ ಎಂಬ ಹುದುಗಿನ ಜೀವಿಯ ಜೀನುಗಳಲ್ಲಿ ಒಟ್ಟೊಟ್ಟಿಗೆ ಕೆಲಸ ಮಾಡುವ ಗುಂಪುಗಳು ಯಾವುವು, ಆ ಗುಂಪಿನ ಮೇಲ್ವಿಚಾರಕ ಜೀನು ಯಾವುದು ಎಂಬುದನ್ನು ಅಂಕಿಗಳಿಂದಲೇ ಊಹಿಸುವ ವಿಧಾನ ಅದರಲ್ಲಿತ್ತು. ಗಣಕ ಹೇಳಿದ ಊಹೆಗಳನ್ನು ಅವರು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿಯೂ ನೋಡಿದರು. ಲೆಕ್ಕ ಹಾಕುವವರು ಒಂದು ಕಡೆ, ಪ್ರಯೋಗ ಮಾಡುವವರು ಇನ್ನೊಂದು ಕಡೆ ಇರುತ್ತಿದ್ದ ಕಾಲದಲ್ಲಿ ಇದು ಹೊಸ ಪದ್ಧತಿ. 2006ರಲ್ಲಿ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಮತ್ತು ಕೇಂಬ್ರಿಜ್ ನಗರದ ಬ್ರಾಡ್ ಸಂಸ್ಥೆ ಅವರನ್ನು ಸೇರಿಸಿಕೊಂಡಾಗ, ಅವರ ತಂಡದಲ್ಲಿ ಗಣಕದ ಮುಂದೆ ಕುಳಿತವರೂ ಪ್ರನಾಳ ಹಿಡಿದವರೂ ಒಂದೇ ಸೂರಿನಡಿ ದುಡಿದರು. 2008ರಲ್ಲಿ ಗಣಕ ಜೀವವಿಜ್ಞಾನದ ಅಂತರರಾಷ್ಟ್ರೀಯ ಸಂಘವು ತರುಣ ವಿಜ್ಞಾನಿಗಳಿಗೆ ಕೊಡುವ ಓವರ್ಟನ್ ಪಾರಿತೋಷಕ ಅವರಿಗೆ ಸಂದಿತು.

ಸರಾಸರಿಯ ಮರೆಯಲ್ಲಿ

ಅಲ್ಲಿಯವರೆಗೆ ಆರ್‌ಎನ್‌ಎ ಎಣಿಕೆಗೆ ಒಂದು ದೊಡ್ಡ ಕುಂದಿತ್ತು. ಒಂದು ಕೋಶದಲ್ಲಿರುವ ಆರ್‌ಎನ್‌ಎ ತೀರ ಅತ್ಯಲ್ಪ. ಆದ್ದರಿಂದ ಲಕ್ಷಾಂತರ ಕೋಶಗಳನ್ನು ಒಟ್ಟಿಗೆ ಅರೆದು, ಅವುಗಳ ಒಟ್ಟು ಮೊತ್ತವನ್ನು ಅಳೆಯಬೇಕಾಗಿತ್ತು. ದೊರೆಯುತ್ತಿದ್ದುದು ಸರಾಸರಿ. ಸರಾಸರಿ ಎಂಥ ಮೋಸಗಾರ ಎಂಬುದನ್ನು ಲೆಕ್ಕಪತ್ರ ಬಲ್ಲವರಿಗೆ ಹೇಳಬೇಕಾದ್ದಿಲ್ಲ. ನೂರು ಖಾತೆಗಳಲ್ಲಿ ಒಂದರಲ್ಲಿ ಹತ್ತು ಲಕ್ಷ ರೂಪಾಯಿ, ಉಳಿದ ತೊಂಬತ್ತೊಂಬತ್ತರಲ್ಲಿ ಸೊನ್ನೆ ಇದ್ದರೂ ಸರಾಸರಿ ಶಿಲ್ಕು ಹತ್ತು ಸಾವಿರ ಎಂದೇ ಬರುತ್ತದೆ. ಆ ಹತ್ತು ಸಾವಿರ ಯಾವ ಖಾತೆಯಲ್ಲಿಯೂ ಇಲ್ಲ.

2013ರಲ್ಲಿ ರೆಗೆವ್ ಮತ್ತು ಸಂಗಡಿಗರು ಇಲಿಯ ರೋಗನಿರೋಧಕ ಕೋಶಗಳಲ್ಲಿ ಒಂದು ಬಗೆಯನ್ನು ಆರಿಸಿಕೊಂಡು, ಅವುಗಳಿಗೆ ಬ್ಯಾಕ್ಟೀರಿಯಾದ ಹೊರಪೊರೆಯ ಪದಾರ್ಥವನ್ನು ಸೋಕಿಸಿ, ಕೇವಲ 18 ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಆರ್‌ಎನ್‌ಎ ಓದಿದರು. ಎಲ್ಲವೂ ಒಂದೇ ಜಾತಿಯವು, ಒಂದೇ ಪ್ರಚೋದನೆಗೆ ಒಳಗಾದವು. ಆದರೂ ರೋಗನಿರೋಧಕ್ಕೆ ಸಂಬಂಧಪಟ್ಟ ಹಲವು ಜೀನುಗಳು ಕೆಲವು ಕೋಶಗಳಲ್ಲಿ ಭರಾಟೆಯಿಂದ ಕೆಲಸ ಮಾಡುತ್ತಿದ್ದರೆ, ಪಕ್ಕದ ಕೋಶಗಳಲ್ಲಿ ಸದ್ದಿಲ್ಲದೆ ಮಲಗಿದ್ದವು. ಹದಿನೆಂಟು ಎಂಬುದು ನಗೆ ತರಿಸುವ ಸಂಖ್ಯೆ. ಆದರೆ ಕೋಶಗಳನ್ನು ಒಂದೊಂದಾಗಿಯೇ ನೋಡಬೇಕೆಂಬ ವಾದಕ್ಕೆ ಅಷ್ಟೇ ಸಾಕಾಯಿತು.

ಹದಿನೆಂಟನ್ನು ಸಾವಿರಗಳಿಗೆ ಏರಿಸಿದ ಉಪಾಯ ಜಾಣತನದ್ದು. ಹಾರ್ವರ್ಡಿನ ಸ್ಟೀವನ್ ಮೆಕ್ಯಾರೊಲ್ ಅವರ ಪ್ರಯೋಗಶಾಲೆ, ರೆಗೆವ್ ಮುಂತಾದವರ ಸಹಯೋಗದಿಂದ 2015ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ಕೋಶಗಳ ದ್ರಾವಣವನ್ನು ಎಣ್ಣೆಯೊಡನೆ ಹರಿಸುತ್ತಾರೆ. ಎಣ್ಣೆಯಲ್ಲಿ ನೀರಿನ ಪುಟ್ಟ ಪುಟ್ಟ ಹನಿಗಳು ರೂಪುಗೊಳ್ಳುತ್ತವೆ. ಒಂದು ಹನಿಯಲ್ಲಿ ಒಂದು ಕೋಶ, ಅದರ ಜೊತೆಗೆ ಒಂದು ಸೂಕ್ಷ್ಮ ಮಣಿ. ಹಿಂದೆ ಬ್ಯಾಂಕಿನ ಕೌಂಟರಿನಲ್ಲಿ ಚೆಕ್ಕು ಕೊಟ್ಟವನಿಗೆ ಸಂಖ್ಯೆಯುಳ್ಳ ಹಿತ್ತಾಳೆಯ ಟೋಕನ್ ಕೊಡುತ್ತಿದ್ದರಷ್ಟೆ. ಈ ಮಣಿಯ ಮೇಲೆ ಅಂಥದೇ ಒಂದು ಸಂಕೇತ ಡಿಎನ್‌ಎ ಅಕ್ಷರಗಳಲ್ಲಿ ಇರುತ್ತದೆ. ಒಂದು ಮಣಿಯ ಸಂಕೇತ ಇನ್ನೊಂದಕ್ಕಿಲ್ಲ. ಹನಿಯೊಳಗೆ ಕೋಶ ಒಡೆದು, ಅದರ ಆರ್‌ಎನ್‌ಎ ಎಲ್ಲವೂ ಆ ಮಣಿಗೆ ಅಂಟಿ ಅದೇ ಸಂಕೇತವನ್ನು ಪಡೆಯುತ್ತದೆ. ಆಮೇಲೆ ಎಲ್ಲ ಹನಿಗಳನ್ನೂ ಬೆರೆಸಿ ಒಟ್ಟಿಗೆ ಓದಿದರೂ ಚಿಂತೆಯಿಲ್ಲ. ಟೋಕನ್ ನೋಡಿ ಯಾವ ನಕಲು ಯಾವ ಕೋಶದ್ದೆಂದು ಗಣಕ ವಿಂಗಡಿಸುತ್ತದೆ. ಆ ಪ್ರಬಂಧದಲ್ಲಿ ಇಲಿಯ ಅಕ್ಷಿಪಟಲದ 44,808 ಕೋಶಗಳನ್ನು ಓದಿ 39 ಗುಂಪುಗಳಾಗಿ ವಿಂಗಡಿಸಲಾಗಿತ್ತು.

ಗಣಕದ ನಿಜವಾದ ಪರೀಕ್ಷೆ ಇಲ್ಲಿಂದ ಮುಂದೆ. ಒಂದೊಂದು ಕೋಶಕ್ಕೆ ಒಂದೊಂದು ಸಾಲು, ಒಂದೊಂದು ಜೀನಿಗೆ ಒಂದೊಂದು ಕಾಲಂ ಇರುವ ತಃಖ್ತೆಯನ್ನು ಕಲ್ಪಿಸಿಕೊಳ್ಳಿ. ಮುಂದೆ ಪ್ರಸ್ತಾಪಿಸುವ ಕರುಳಿನ ಅಧ್ಯಯನದಲ್ಲಿ 3,66,650 ಕೋಶಗಳಿದ್ದವು. 20,000 ಜೀನುಗಳೆಂದು ಹಿಡಿದರೆ ಆ ತಃಖ್ತೆಯಲ್ಲಿ ಸುಮಾರು 733 ಕೋಟಿ ಮನೆಗಳಾಗುತ್ತವೆ. ಅವುಗಳಲ್ಲಿ ಬಹುಪಾಲು ಸೊನ್ನೆ. ಕೆಲವು ಸೊನ್ನೆ ನಿಜವಾದದ್ದು, ಕೆಲವು ಆರ್‌ಎನ್‌ಎ ಕೈತಪ್ಪಿಹೋದದ್ದರಿಂದ ಬಂದದ್ದು. ಇವನ್ನು ತೂಗಿನೋಡಿ, ಒಂದನ್ನೊಂದು ಹೋಲುವ ಸಾಲುಗಳನ್ನು ಹತ್ತಿರ ಹತ್ತಿರ ತಂದು, ಇಂಥವು ಒಂದು ಜಾತಿಯ ಕೋಶಗಳು ಎಂದು ನಿರ್ಧರಿಸುವುದು ಗಣಕ ಜೀವವಿಜ್ಞಾನಿಯ ಕೆಲಸ.

ಉಪ್ಪಿನ ಬೆವರಿನ ಮಕ್ಕಳು

ಈ ವಿಧಾನದ ಬಲವೂ ಮಿತಿಯೂ ಒಟ್ಟಿಗೆ ಗೋಚರವಾಗುವುದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದಲ್ಲಿ. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಜೀನನ್ನು ಪಡೆದ ಮಗುವಿನ ಶ್ವಾಸನಾಳಗಳಲ್ಲಿ ಲೋಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪದೇ ಪದೇ ಸೋಂಕು ತಗಲಿ ಶ್ವಾಸಕೋಶ ಹಾಳಾಗುತ್ತದೆ. ಯೂರೋಪಿನವರಲ್ಲಿ ಹೆಚ್ಚಾಗಿ ಕಂಡುಬರುವ ಈ ರೋಗ ಭಾರತದಲ್ಲಿ ಇಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು. ಇದೆ, ಪತ್ತೆಯಾಗದೆ ಹೋಗುವುದೇ ಹೆಚ್ಚು. ಮಗುವಿಗೆ ಮತ್ತೆ ಮತ್ತೆ ನ್ಯುಮೋನಿಯಾ, ಎಷ್ಟು ಉಣಿಸಿದರೂ ಏರದ ತೂಕ, ಜಿಡ್ಡಾದ ಮಲ, ಮುತ್ತಿಟ್ಟರೆ ತುಟಿಗೆ ಉಪ್ಪುಪ್ಪಾಗಿ ತಾಗುವ ಚರ್ಮ ಇವು ಕಂಡರೆ ಮಕ್ಕಳ ವೈದ್ಯರಲ್ಲಿ ಬೆವರಿನ ಪರೀಕ್ಷೆಯ ಬಗ್ಗೆ ವಿಚಾರಿಸುವುದು ಯೋಗ್ಯ.

ಇದಕ್ಕೆ ಕಾರಣವಾದ ಸಿಎಫ್‌ಟಿಆರ್ ಎಂಬ ಜೀನು 1989ರಲ್ಲಿಯೇ ಪತ್ತೆಯಾಗಿತ್ತು. ಕೋಶದ ಹೊರಪೊರೆಯಲ್ಲಿ ಕ್ಲೋರೈಡ್ ಸಾಗುವ ದ್ವಾರವನ್ನು ಅದು ನಿರ್ಮಿಸುತ್ತದೆ. ಇನ್ನೇನು, ಒಳ್ಳೆಯ ಜೀನನ್ನು ಶ್ವಾಸನಾಳಕ್ಕೆ ಸೇರಿಸಿಬಿಟ್ಟರೆ ಮುಗಿಯಿತೆಂದು 1993ರಲ್ಲಿ ಚಿಕಿತ್ಸಾ ಪ್ರಯೋಗಗಳೂ ಆರಂಭವಾದವು. ಅವು ನಿರೀಕ್ಷಿಸಿದ ಫಲ ಕೊಡಲಿಲ್ಲ. ಒಳ್ಳೆಯ ಜೀನನ್ನು ಯಾವ ಕೋಶಕ್ಕೆ ತಲುಪಿಸಬೇಕು? ಶ್ವಾಸನಾಳದ ಒಳಮೈಯಲ್ಲಿ ರೋಮವುಳ್ಳ ಕೋಶಗಳೇ ವಿಪುಲವಾಗಿರುವುದರಿಂದ ಹಲವರ ದೃಷ್ಟಿ ಅವುಗಳ ಮೇಲಿತ್ತು.

2018ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಟ್ಟಿಗೆ ಎರಡು ಪ್ರಬಂಧಗಳು ಹೊರಬಂದವು. ಒಂದು, ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ಜಯರಾಜ್ ರಾಜಗೋಪಾಲ್ ಮತ್ತು ರೆಗೆವ್ ಅವರ ತಂಡಗಳದು. ಇನ್ನೊಂದು ಬೇರೊಂದು ಗುಂಪು ಸ್ವತಂತ್ರವಾಗಿ ನಡೆಸಿದ್ದು. ಶ್ವಾಸನಾಳದ ಕೋಶಗಳನ್ನು ಒಂದೊಂದಾಗಿ ಓದುತ್ತ ಹೋದಾಗ ಎರಡೂ ತಂಡಗಳಿಗೆ ಅದುವರೆಗೆ ಯಾರೂ ವರ್ಣಿಸದಿದ್ದ ಒಂದು ಕೋಶಜಾತಿ ಎದುರಾಯಿತು. ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಇರುವ ಈ ಕೋಶಗಳು, ಮೀನಿನ ಕಿವಿರು ಮತ್ತು ಕಪ್ಪೆಯ ಚರ್ಮದಲ್ಲಿ ಲವಣದ ಸಮತೋಲ ಕಾಯುವ ಕೋಶಗಳನ್ನು ಹೋಲುತ್ತಿದ್ದುದರಿಂದ ಅವುಗಳಿಗೆ ಅಯೋನೋಸೈಟ್ ಎಂಬ ಹೆಸರನ್ನೇ ಕೊಟ್ಟರು. ಇಲಿಯ ಶ್ವಾಸನಾಳದಲ್ಲಿ ಸಿಎಫ್‌ಟಿಆರ್ ಆರ್‌ಎನ್‌ಎಯ ಅರ್ಧಕ್ಕಿಂತ ಹೆಚ್ಚಿನ ಭಾಗ ಈ ಬೆರಳೆಣಿಕೆಯ ಕೋಶಗಳಲ್ಲಿಯೇ ಇತ್ತು! ಸರಾಸರಿ ಲೆಕ್ಕದಲ್ಲಿ ಇಂಥ ಕೋಶ ಎಂದೂ ಕಾಣಿಸುತ್ತಿರಲಿಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. 2021ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆ ಮನುಷ್ಯರ ಶ್ವಾಸನಾಳದಲ್ಲಿ, ಅದರಲ್ಲಿಯೂ ಸಣ್ಣ ಕವಲುಗಳಲ್ಲಿ, ಸಿಎಫ್‌ಟಿಆರ್ ಕೆಲಸದ ಬಹುಪಾಲನ್ನು ಹೊರುವುದು ಸ್ರಾವಕ ಕೋಶಗಳೇ ಎಂದು ವಾದಿಸಿತು. ಅಯೋನೋಸೈಟ್‌ನಲ್ಲಿ ತಲಾ ಪ್ರಮಾಣ ಹೆಚ್ಚಿದ್ದರೂ ಒಟ್ಟು ವಹಿವಾಟು ಸ್ರಾವಕ ಕೋಶಗಳದು ಎಂಬುದು ಅದರ ತಾತ್ಪರ್ಯ. ಇಲಿಯ ವಿಳಾಸ ಮನುಷ್ಯನಿಗೆ ಹಾಗೆಯೇ ಹೊಂದುವುದಿಲ್ಲ. ಇನ್ನೂ ಒಂದು ಮಾತನ್ನು ಮರೆಮಾಚಬಾರದು. ಈ ರೋಗಿಗಳ ಬಾಳನ್ನು ನಿಜವಾಗಿ ಹಸನುಗೊಳಿಸಿದ ಔಷಧಗಳು, ಅಂದರೆ 2012ರಲ್ಲಿ ಅಮೆರಿಕದಲ್ಲಿ ಮಂಜೂರಾದ ಐವಾಕ್ಯಾಫ್ಟರ್ ಮತ್ತು 2019ರಲ್ಲಿ ಮಂಜೂರಾದ ಮೂರು ಔಷಧಗಳ ಸಂಯೋಜನೆ, ಅಯೋನೋಸೈಟ್ ಜ್ಞಾನದಿಂದ ಹುಟ್ಟಿದವಲ್ಲ. ಕೆಟ್ಟ ದ್ವಾರವನ್ನು ದುರಸ್ತಿ ಮಾಡುವ ಗುಳಿಗೆ ರಕ್ತದಲ್ಲಿ ಸುತ್ತಿ ಎಲ್ಲ ಕೋಶಗಳನ್ನೂ ಮುಟ್ಟುತ್ತದೆ. ಅದಕ್ಕೆ ವಿಳಾಸ ಬೇಡ. ಆದರೆ ಆ ಗುಳಿಗೆ ನಾಟದಂಥ ಜೀನುದೋಷವುಳ್ಳ ರೋಗಿಗಳೂ ಇದ್ದಾರೆ. ಅವರಿಗೆ ಜೀನನ್ನೇ ತಲುಪಿಸಬೇಕು. ವಿಳಾಸದ ಪ್ರಶ್ನೆ ಜೀವನ್ಮರಣದ ಪ್ರಶ್ನೆಯಾಗುವುದು ಅವರ ಪಾಲಿಗೆ.

ಕರುಳಿನ ಹುಣ್ಣು

ನಗರವಾಸಿಗಳಿಗೆ ಹೆಚ್ಚು ಪರಿಚಿತವಾದ ರೋಗ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಮೈ ಉರಿತಗೊಂಡು ಹುಣ್ಣಾಗುತ್ತದೆ. ರಕ್ತಮಿಶ್ರಿತ ಭೇದಿ ವಾರಗಟ್ಟಲೆ ಕಾಡುತ್ತದೆ. ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ ಮನೆಮದ್ದಿನಲ್ಲಿ ಕಾಲ ಕಳೆಯುವವರು ಅನೇಕರು. ಮಲದಲ್ಲಿ ರಕ್ತ ಮುಂದುವರಿದರೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು.

ಈ ರೋಗಕ್ಕೆ ಟಿಎನ್‌ಎಫ್ ಎಂಬ ಉರಿಯೂತದ ಪದಾರ್ಥವನ್ನು ತಡೆಯುವ ದುಬಾರಿ ಚುಚ್ಚುಮದ್ದುಗಳಿವೆ. ಕೆಲವರಿಗೆ ಸಂಜೀವಿನಿ, ಕೆಲವರಿಗೆ ಏನೂ ಫಲವಿಲ್ಲ. ಏಕೆ? 2019ರಲ್ಲಿ ರಾಮ್ನಿಕ್ ಝೇವಿಯರ್, ರೆಗೆವ್ ಮತ್ತು ಸಂಗಡಿಗರು 18 ಮಂದಿ ರೋಗಿಗಳು ಹಾಗೂ 12 ಮಂದಿ ಆರೋಗ್ಯವಂತರ ದೊಡ್ಡ ಕರುಳಿನ ಚೂರುಗಳಿಂದ ಮೇಲೆ ಹೇಳಿದ 3,66,650 ಕೋಶಗಳನ್ನು ಓದಿ ಪ್ರಕಟಿಸಿದರು. ಆರೋಗ್ಯವಂತ ದೊಡ್ಡ ಕರುಳಿನಲ್ಲಿ ತೀರ ವಿರಳವಾದ ಒಂದು ಕೋಶಜಾತಿ ರೋಗಿಗಳ ಉರಿತ ಭಾಗದಲ್ಲಿ ಹೆಚ್ಚಿತ್ತು. ಅದಕ್ಕಿಂತ ಮಹತ್ವದ ಸಂಗತಿ, ಕರುಳಿನ ಗೋಡೆಗೆ ಆಧಾರವಾಗಿರುವ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ಒಂದು ಪಂಗಡ ಉರಿಯೂತದಲ್ಲಿ ಭಾಗಿಯಾಗಿ ವೃದ್ಧಿಯಾಗಿತ್ತು. ಟಿಎನ್‌ಎಫ್ ತಡೆಯುವ ಔಷಧ ನಾಟದಿರುವುದಕ್ಕೆ ಸಂಬಂಧಿಸಿದ ಜೀನುಗಳು ಚುರುಕಾಗಿದ್ದುದು ಅಲ್ಲಿ. ಫೈಬ್ರೋಬ್ಲಾಸ್ಟ್ ಎಂದರೆ ಕಟ್ಟಡದ ತೊಲೆಕಂಬಗಳಂತೆ ನಿರ್ಲಿಪ್ತವಾದ ಕೋಶವೆಂದೇ ಬಹುಕಾಲ ಎಣಿಸಲಾಗಿತ್ತು.

ಅರ್ಬುದದಲ್ಲಿಯೂ ಇಂಥದೇ ಪಾಠ. 2016ರಲ್ಲಿ ಮೆಲನೋಮ ಎಂಬ ಚರ್ಮದ ಅರ್ಬುದವಿದ್ದ 19 ರೋಗಿಗಳ ಗಡ್ಡೆಗಳಿಂದ 4,645 ಕೋಶಗಳನ್ನು ಒಂದೊಂದಾಗಿ ಓದಿದಾಗ, ಒಂದೇ ಗಡ್ಡೆಯಲ್ಲಿ ಎರಡು ಸ್ವಭಾವದ ಕೋಶಗಳು ಕಂಡವು. ಔಷಧಕ್ಕೆ ಬಗ್ಗದಿರುವುದರೊಡನೆ ನಂಟುಳ್ಳ ಲಕ್ಷಣ ತೋರುವ ಕೋಶಗಳು ಚಿಕಿತ್ಸೆಗೆ ಮೊದಲೇ ಅಲ್ಲಿ ಹುದುಗಿದ್ದವು. ಗಡ್ಡೆ ಕರಗಿ ಮತ್ತೆ ಮರುಕಳಿಸುವ ಸಂಕಟದ ಒಂದು ಮೂಲ ಇದಾಗಿರಬಹುದು.

ಇವೆಲ್ಲ ಸಂಶೋಧನಾಲಯದ ಅಳತೆಗಳು. ಆಸ್ಪತ್ರೆಯ ಕೌಂಟರಿನಲ್ಲಿ ಹಣ ಕಟ್ಟಿ ಮಾಡಿಸಿಕೊಳ್ಳುವ ಸಾಮಾನ್ಯ ಪರೀಕ್ಷೆಗಳಲ್ಲ. ಎಂಜಲು ಕಳುಹಿಸಿದರೆ ಜೀನೋಮ್ ಓದಿ ಭವಿಷ್ಯದ ರೋಗಗಳನ್ನೆಲ್ಲ ತಿಳಿಸುವೆವೆಂಬ ಜಾಹೀರಾತುಗಳಿಗೆ ಮನಸೋಲುವವರು ಇದನ್ನು ಗಮನಿಸಬೇಕು. ಎಂಜಲಿನಿಂದ ಓದುವುದು ಗ್ರಂಥವನ್ನೇ ಹೊರತು, ಕರುಳಿನಲ್ಲಿಯೋ ಹೃದಯದಲ್ಲಿಯೋ ತೆರೆದಿರುವ ಪುಟವನ್ನಲ್ಲ.

ಫ್ಯೂಸು ತೆಗೆದು ನೋಡುವ ವಿದ್ಯೆ

ಯಾವ ಜೀನು ಚುರುಕಾಗಿದೆ ಎಂದು ತಿಳಿದರೂ ಅದು ರೋಗಕ್ಕೆ ಕಾರಣವೋ ರೋಗದ ಪರಿಣಾಮವೋ ಎಂಬ ಸಂಶಯ ಉಳಿಯುತ್ತದೆ. ಹಳೆಯ ಕಟ್ಟಡದ ಮೀಟರ್ ಬೋರ್ಡಿನಲ್ಲಿ ಯಾವ ಫ್ಯೂಸು ಯಾವ ಮನೆಯದೆಂದು ತಿಳಿಯಬೇಕಾದರೆ ಒಂದೊಂದನ್ನೇ ಕಿತ್ತು, ಎಲ್ಲಿ ದೀಪ ಆರಿತೆಂದು ನೋಡುವುದೊಂದೇ ಮಾರ್ಗ. ಕ್ರಿಸ್ಪರ್ ಎಂಬ ಜೀನು ಕತ್ತರಿಸುವ ತಂತ್ರವನ್ನು ಬಳಸಿ, ಒಂದು ಕೋಶದಲ್ಲಿ ಒಂದು ಜೀನನ್ನೂ ಇನ್ನೊಂದರಲ್ಲಿ ಇನ್ನೊಂದನ್ನೂ ಕೆಡಿಸಿ, ಅನಂತರ ಎಲ್ಲ ಕೋಶಗಳ ಆರ್‌ಎನ್‌ಎಯನ್ನು ಒಂದೊಂದಾಗಿ ಓದುವ ವಿಧಾನವನ್ನು ರೆಗೆವ್, ಜೊನಾಥನ್ ವೈಸ್‌ಮನ್ ಮತ್ತು ಅವರ ತಂಡಗಳು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದವು. ಪರ್ಟರ್ಬ್-ಸೀಕ್ ಎಂಬುದು ಅದರ ಹೆಸರು. ಒಂದೇ ಪಾತ್ರೆಯಲ್ಲಿ ಅನೇಕ ಫ್ಯೂಸುಗಳನ್ನು ಏಕಕಾಲಕ್ಕೆ ಪರೀಕ್ಷಿಸಿದಂತಾಯಿತು.

ಮಾನವ ಕೋಶಗಳ ನಕಾಶೆ

2016ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ವಿಜ್ಞಾನಿಗಳ ಒಂದು ಸಭೆ ಸೇರಿತು. ಮಾನವ ಶರೀರದ ಎಲ್ಲ ಕೋಶಜಾತಿಗಳ ಸಮಗ್ರ ನಕಾಶೆಯೊಂದನ್ನು ತಯಾರಿಸಬೇಕೆಂಬುದು ಅದರ ಉದ್ದೇಶ. ಮುಂದಾಳುಗಳು ರೆಗೆವ್ ಮತ್ತು ಇಂಗ್ಲೆಂಡಿನ ಸಾರಾ ಟೈಖ್‌ಮನ್. ಹ್ಯೂಮನ್ ಸೆಲ್ ಅಟ್ಲಾಸ್ ಎಂಬ ಈ ಸಹಕಾರಿ ಉದ್ಯಮದಲ್ಲಿ 2024ರ ನವೆಂಬರಿನ ಹೊತ್ತಿಗೆ ನೂರಕ್ಕೂ ಹೆಚ್ಚು ದೇಶಗಳ 3,600ಕ್ಕೂ ಮಿಕ್ಕ ಸದಸ್ಯರು ಸೇರಿ, 10,000ಕ್ಕೂ ಹೆಚ್ಚು ಜನರ 10 ಕೋಟಿಗೂ ಮೀರಿದ ಕೋಶಗಳನ್ನು ಓದಿದ್ದರು.

ಇಷ್ಟೆಲ್ಲ ದಾಖಲೆ ಪೇರಿಸುವುದರಿಂದ ಬಂದ ಲಾಭವೇನು ಎಂದು ಆಕ್ಷೇಪಿಸಿದವರುಂಟು. ಆಕ್ಷೇಪ ನ್ಯಾಯವಾದದ್ದೇ, ಪಟ್ಟಿ ಔಷಧವಲ್ಲ. ಆದರೆ 2020ರ ಆರಂಭದಲ್ಲಿ ಕೋವಿಡ್ ಹರಡಿದಾಗ ಈ ಕಡತಗಳ ಬೆಲೆ ತಿಳಿಯಿತು. ಆ ವೈರಸ್ ಕೋಶದೊಳಕ್ಕೆ ಹೋಗಲು ಎಸಿಇ-2 ಎಂಬ ಪ್ರೋಟೀನನ್ನು ಬಾಗಿಲಾಗಿ ಬಳಸುತ್ತದೆ. ಆ ಬಾಗಿಲು ಯಾವ ಕೋಶಗಳಲ್ಲಿದೆ? ಹೊಸ ಪ್ರಯೋಗಕ್ಕೆ ಕಾಯಬೇಕಾಗಲಿಲ್ಲ. ಬೇರೆ ಉದ್ದೇಶಗಳಿಗಾಗಿ ಮೊದಲೇ ಓದಿಟ್ಟಿದ್ದ ಆರೋಗ್ಯವಂತರ ಕೋಶಗಳ ದಾಖಲೆಗಳನ್ನು ತಿರುವಿದ ಅಟ್ಲಾಸಿನ ಶ್ವಾಸಕೋಶ ತಂಡ, ಮೂಗಿನ ಲೋಳೆ ಸ್ರವಿಸುವ ಕೋಶ ಮತ್ತು ರೋಮವುಳ್ಳ ಕೋಶಗಳಲ್ಲಿ ಅದು ಎದ್ದುಕಾಣುತ್ತದೆಂದು ಆ ವರ್ಷದ ಏಪ್ರಿಲಿನಲ್ಲಿಯೇ ಪ್ರಕಟಿಸಿತು. ಮೂಗಿನಿಂದ ಮೂಗಿಗೆ ಸೋಂಕು ಅಷ್ಟು ಸುಲಭವಾಗಿ ಹಬ್ಬಿದ್ದೇಕೆ ಎಂಬುದಕ್ಕೆ ಅದು ಒಂದು ಸುಳುಹು.

ಅದೇ ಆಗಸ್ಟಿನಲ್ಲಿ ರೆಗೆವ್ ವಿಶ್ವವಿದ್ಯಾಲಯವನ್ನು ಬಿಟ್ಟು, ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಗೆ ಸೇರಿದ ಜೆನೆಂಟೆಕ್ ಸಂಸ್ಥೆಯ ಸಂಶೋಧನ ವಿಭಾಗದ ಮುಖ್ಯಸ್ಥೆಯಾದರು. ಲಾಭಕ್ಕಾಗಿ ದುಡಿಯುವ ಔಷಧ ಕಂಪನಿಗೆ ಇಂಥ ವಿದುಷಿ ಹೋಗಬೇಕೆ ಎಂಬ ಪ್ರಶ್ನೆ ಸಹಜ. ಮನುಷ್ಯರ ಮೇಲಿನ ಪರೀಕ್ಷೆಗೆ ಬಂದ ಔಷಧಗಳಲ್ಲಿ ಹತ್ತಕ್ಕೆ ಒಂಬತ್ತು ಸೋಲುತ್ತವೆ ಎಂಬುದನ್ನು ನೆನೆದರೆ, ಗುರಿ ತಪ್ಪಿದ ಬಾಣಗಳನ್ನು ಕಡಿಮೆ ಮಾಡುವ ಕೆಲಸ ನಡೆಯಬೇಕಾದದ್ದು ಅಲ್ಲಿಯೇ ಎಂಬ ಉತ್ತರವೂ ದೊರೆಯುತ್ತದೆ. ಪ್ರಯೋಗಶಾಲೆಯ ಫಲಿತಾಂಶದಿಂದ ಗಣಕ ಕಲಿತು ಮುಂದಿನ ಪ್ರಯೋಗವನ್ನು ಸೂಚಿಸುವುದು, ಅದರ ಫಲಿತಾಂಶ ಮರಳಿ ಗಣಕವನ್ನು ತಿದ್ದುವುದು, ಹೀಗೆ ಚಕ್ರದಂತೆ ಸಾಗುವ ಪದ್ಧತಿಯನ್ನು ಅವರು ಅಲ್ಲಿ ಜಾರಿಗೆ ತಂದರು. ಯೀಸ್ಟಿನ ಕಾಲದ ಹಳೆಯ ಅಭ್ಯಾಸವೇ ಇದು, ದೊಡ್ಡ ಪ್ರಮಾಣದಲ್ಲಿ.

ನಕಾಶೆಯ ಸಂಬಂಧವಾಗಿ ಭಾರತೀಯರಿಗೆ ನೇರವಾಗಿ ತಟ್ಟುವ ಪ್ರಶ್ನೆಯೊಂದಿದೆ: ಅದರಲ್ಲಿರುವುದು ಯಾರ ಕೋಶಗಳು? ಜೀನೋಮ್ ಅಧ್ಯಯನಗಳಲ್ಲಿ ಬಹುಕಾಲ ಯೂರೋಪ್ ಮೂಲದವರದೇ ಪ್ರಾಬಲ್ಯ. ಅವರ ಅಳತೆಯನ್ನು ಎಲ್ಲರ ಅಳತೆಯೆಂದು ಹಿಡಿದರೆ ಉಳಿದವರ ರೋಗನಿರ್ಣಯ ತಪ್ಪುವ ಸಂಭವವುಂಟು. ಅಟ್ಲಾಸಿನ ಅಂಗವಾಗಿ ಭಾರತ, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಥಾಯ್ಲೆಂಡ್ ಈ ಐದು ದೇಶಗಳ ವಿಜ್ಞಾನಿಗಳು 619 ಜನರ ರಕ್ತದಿಂದ 12,65,624 ರೋಗನಿರೋಧಕ ಕೋಶಗಳನ್ನು ಓದಿ 2025ರಲ್ಲಿ ಪ್ರಕಟಿಸಿದರು. ಭಾರತದ ಕಡೆಯಿಂದ ಇದರಲ್ಲಿ ದುಡಿದವರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮ್ ಸಂಸ್ಥೆಯ ಸ್ಥಾಪಕ ನಿರ್ದೇಶಕ ಪಾರ್ಥ ಮಜುಂದಾರ್ ಪ್ರಮುಖರು. ವಂಶಮೂಲ, ವಯಸ್ಸು, ಲಿಂಗ ಇವುಗಳಿಗೆ ಅನುಸಾರವಾಗಿ ಆರೋಗ್ಯವಂತರಲ್ಲಿಯೇ ಈ ಕೋಶಗಳ ಪ್ರಮಾಣವೂ ನಡವಳಿಕೆಯೂ ಗಣನೀಯವಾಗಿ ಬದಲಾಗುತ್ತವೆ ಎಂದು ಅದರಿಂದ ತಿಳಿದುಬಂದಿತು. ಒಬ್ಬರಿಗೆ ಸಹಜವಾದ ಅಂಕೆ ಇನ್ನೊಬ್ಬರಿಗೆ ಸಹಜವಲ್ಲ. ಈ ಏಷ್ಯನ್ ಪಟ್ಟಿಯಲ್ಲಿರುವುದು ರಕ್ತದ ಕೋಶಗಳು ಮಾತ್ರ. ರಕ್ತವನ್ನಾದರೆ ತೋಳಿನಿಂದ ತೆಗೆಯಬಹುದು; ಕರುಳು, ಶ್ವಾಸಕೋಶ, ಮೂತ್ರಪಿಂಡಗಳ ಚೂರುಗಳು ದೊರೆಯಬೇಕಾದರೆ ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಗಳೂ ಅಂಗದಾನಿಗಳ ಕುಟುಂಬದವರೂ ಒಪ್ಪಿಗೆ ಕೊಡಬೇಕು.